ಅಟ್ಲಾಂಟಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ: ಕಮಿಂಗ್ ಊರಿನ ಕಥೆ, ಆಬರ್ನ್ ಅವೆನ್ಯೂದ ದಾರಿ

ಅಟ್ಲಾಂಟಾಕ್ಕೆ ಬಂದ ಹೊಸತರಲ್ಲಿ ನಮ್ಮವರು ಬೇಕಾದಷ್ಟು ಸಲಹೆ ಕೊಡುತ್ತಾರೆ. ಯಾವ ಕಡೆ ಶಾಲೆ ಚೆನ್ನಾಗಿದೆ, ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಯುಗಾದಿ ಕಾರ್ಯಕ್ರಮ ಯಾವಾಗ. ಜೊತೆಗೆ ಇನ್ನೊಂದು ಮಾತೂ ಬರುತ್ತದೆ: "ಆ ಏರಿಯಾ ಕಡೆ ಹೋಗ್ಬೇಡಿ, ಅಲ್ಲಿ ಅವ್ರೇ ಜಾಸ್ತಿ." ಅವರು ಅಂದರೆ ಕಪ್ಪು ಜನ, ಆದರೆ ಹಾಗಂತ ಯಾರೂ ಬಿಡಿಸಿ ಹೇಳುವುದಿಲ್ಲ. ಆ ಒಂದು ಸಲಹೆಯನ್ನು ದಯವಿಟ್ಟು ತಲೆಗೆ ಹಾಕಿಕೊಳ್ಳಬೇಡಿ.

ನಮ್ಮವರು ಈಗ ಮನೆ ಕೊಳ್ಳುತ್ತಿರುವ ಜಾಗಗಳಲ್ಲಿ ಫೋರ್ಸೈತ್ ಕೌಂಟಿಯೂ ಒಂದು. ಅದರ ಮುಖ್ಯ ಊರು ಕಮಿಂಗ್. 1912ರ ಸೆಪ್ಟೆಂಬರಿನಲ್ಲಿ ಅಲ್ಲಿ ಬಿಳಿ ಯುವತಿಯೊಬ್ಬಳ ಮೇಲೆ ಹಲ್ಲೆಯಾಗಿ, ಅವಳು ತೀರಿಕೊಂಡಳು. ಆರೋಪ ಹೊತ್ತ ರಾಬ್ ಎಡ್ವರ್ಡ್ಸ್ ಎಂಬ ಕಪ್ಪು ಯುವಕನನ್ನು ಗುಂಪೊಂದು ಜೈಲಿನಿಂದ ಎಳೆದು ತಂದು ಕೊಂದಿತು. ಇನ್ನಿಬ್ಬರು ಹದಿಹರೆಯದ ಹುಡುಗರನ್ನು ಗಲ್ಲಿಗೇರಿಸಿದ್ದನ್ನು ನೋಡಲು ಸಾವಿರಾರು ಜನ ಸೇರಿದ್ದರು. ಕಪ್ಪು ಜನರ ಮನೆಗಳಿಗೆ, ಚರ್ಚ್‌ಗಳಿಗೆ ಬೆಂಕಿ ಬಿತ್ತು. ಸುಮಾರು 1,100 ಜನ ಹೊಲ ಮನೆ ಬಿಟ್ಟು ಓಡಿದರು. ಎಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಆ ಕೌಂಟಿ ಹೆಚ್ಚುಕಡಿಮೆ ಪೂರ್ತಿ ಬಿಳಿಯರದ್ದೇ ಆಗಿ ಉಳಿಯಿತು.

1987ರ ಜನವರಿ 17ರಂದು ರೆವರೆಂಡ್ ಹೊಸೇಯಾ ವಿಲಿಯಮ್ಸ್ ಒಂದು ಸಣ್ಣ ಗುಂಪು ಕಟ್ಟಿಕೊಂಡು ಅಲ್ಲಿಗೆ ಮೆರವಣಿಗೆ ಹೋದರು. ಅವರಿಗಿಂತ ಎಷ್ಟೋ ಪಟ್ಟು ಜನ ದಾರಿಯಲ್ಲಿ ಕಾದು ನಿಂತಿದ್ದರು. ಕಲ್ಲು, ಬಾಟಲಿ ತೂರಿದರು. ಮೆರವಣಿಗೆ ಅರ್ಧಕ್ಕೇ ನಿಂತಿತು. ಈ ವಿಲಿಯಮ್ಸ್ ಯಾರು ಗೊತ್ತೇ? 1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ, ಎಡ್ಮಂಡ್ ಪೆಟಸ್ ಸೇತುವೆಯ ಮೇಲೆ ಹೋರಾಟಗಾರ ಜಾನ್ ಲೂಯಿಸ್ ಪಕ್ಕದಲ್ಲಿ, ಕಪ್ಪು ಜನರ ಮತದಾನದ ಹಕ್ಕಿಗಾಗಿ ಹೊರಟ ಮೆರವಣಿಗೆಯ ಮೊದಲ ಸಾಲಿನಲ್ಲಿದ್ದವರು. ಅವತ್ತು ಪೊಲೀಸರು ಲಾಠಿ, ಅಶ್ರುವಾಯು ಹಿಡಿದು ಅವರ ಮೇಲೆ ಬಿದ್ದಿದ್ದರು. ಇಪ್ಪತ್ತೆರಡು ವರ್ಷ ಕಳೆದ ಮೇಲೂ ಮತ್ತೆ ಕಲ್ಲೇಟು. ಇಷ್ಟು ಸಾಕು ಅಂತ ಮನೆಯಲ್ಲಿ ಕೂರಬಹುದಿತ್ತು, ಅಲ್ವಾ? ಅವರು ಕೂರಲಿಲ್ಲ. ಸರಿಯಾಗಿ ಒಂದು ವಾರಕ್ಕೆ, ಜನವರಿ 24ಕ್ಕೆ ಮತ್ತೆ ಬಂದರು. ಈ ಸಲ ಜೊತೆಗೆ ಸುಮಾರು 20,000 ಜನ ಇದ್ದರು. ಮಾರ್ಟಿನ್ ಲೂಥರ್ ಕಿಂಗ್ ಅವರ ಪತ್ನಿ ಕೊರೆಟಾ ಸ್ಕಾಟ್ ಕಿಂಗ್ ಬಂದಿದ್ದರು, ಜಾನ್ ಲೂಯಿಸ್ ಬಂದಿದ್ದರು. ಇವತ್ತು ನಮ್ಮ ಮಕ್ಕಳು ಅದೇ ಊರಿನಲ್ಲಿ ಸಲೀಸಾಗಿ ಸೈಕಲ್ ಹೊಡೆಯುತ್ತಾರೆ. ಇದರ ಹಿಂದೆ ಆ ಎರಡು ಶನಿವಾರಗಳೂ ಇವೆ.

ಇಂಥ ಹಟ ಎಲ್ಲಿಂದ ಬರುತ್ತದೆ? ನನ್ನ ಮಟ್ಟಿಗೆ ಉತ್ತರ ಅವರ ಚರ್ಚ್‌ಗಳಲ್ಲಿದೆ. ಕಪ್ಪು ಜನರಿಗೆ ತಮ್ಮದೇ ಅಂತ ಇದ್ದ, ಬೇರೆಯವರ ಅಪ್ಪಣೆ ಬೇಡದ ದೊಡ್ಡ ಜಾಗ ಅದೊಂದೇ ಆಗಿತ್ತು. ಅಲ್ಲಿ ಪ್ರಾರ್ಥನೆಯೂ ಲೆಕ್ಕಪತ್ರವೂ ಜೊತೆಜೊತೆಗೇ ನಡೆಯುತ್ತಿದ್ದವು. ಬಸ್ಸಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವುದನ್ನು ವಿರೋಧಿಸಿ ಅಲಬಾಮಾದ ಮಾಂಟ್ಗೊಮರಿಯಲ್ಲಿ ನಡೆದ ಬಸ್ ಬಹಿಷ್ಕಾರವನ್ನೇ ನೋಡಿ. 1955ರ ಡಿಸೆಂಬರ್ 5ರಿಂದ 381 ದಿನ ಜನ ಬಸ್ ಹತ್ತಲಿಲ್ಲ. ಅಷ್ಟು ದಿನ ಕೆಲಸಕ್ಕೆ ಹೋಗಬೇಕಲ್ಲ? ಚರ್ಚ್‌ಗಳ ಹೆಸರಿನಲ್ಲಿ ಸ್ಟೇಷನ್ ವ್ಯಾಗನ್ ಕಾರುಗಳನ್ನು ಕೊಂಡರು. ಪೆಟ್ರೋಲಿಗೆ ದುಡ್ಡು ಬೇಕಿತ್ತು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯ ಹೆಂಗಸು ಅಕ್ಕಪಕ್ಕದವರನ್ನು ಸೇರಿಸಿಕೊಂಡು ಕೇಕ್, ಪೈ, ಕರಿದ ಕೋಳಿ ಮಾಡಿ ಮಾರಿದರು. ಬಂದ ಹಣವನ್ನು ಚರ್ಚ್ ಸಭೆಯಲ್ಲಿ ತಂದು ಸುರಿಯುತ್ತಿದ್ದರು. ದುಡ್ಡು ಎಲ್ಲಿಂದ ಬಂತು ಅಂದರೆ "ಎಲ್ಲಿಂದಲೂ ಇಲ್ಲ" ಅನ್ನುವುದು ಅವರ ಉತ್ತರ. ಕೊಟ್ಟವರ ಹೆಸರು ಹೊರಗೆ ಬಂದರೆ ಅವರ ಕೆಲಸ ಹೋಗುತ್ತಿತ್ತು. ಗಿಲ್ಮೋರ್ ಅವರ ಕೆಲಸ ಹೋಗಿಯೇ ಹೋಯಿತು. ಅವರು ಮನೆಯಲ್ಲೇ ಅಡುಗೆ ಮಾಡಿ ಮಾರತೊಡಗಿದರು. ನಂಬಿಕೆ ಅಂದಾಗ ನನಗೆ ಭಾಷಣಗಳಿಗಿಂತ ಮೊದಲು ಈ ಅಡುಗೆಮನೆ ನೆನಪಾಗುತ್ತದೆ.

ಈ ಹೋರಾಟದ ಫಲದಲ್ಲಿ ನಮ್ಮ ಪಾಲೂ ಇದೆ. 1965ಕ್ಕೆ ಮುಂಚೆ ಭಾರತದಿಂದ ಅಮೆರಿಕಕ್ಕೆ ವಲಸೆ ಬರಲು ವರ್ಷಕ್ಕೆ ಸುಮಾರು 100 ಜನರ ಕೋಟಾ ಇತ್ತು, ಅಷ್ಟೇ. ಸೆಲ್ಮಾದ ಪೆಟ್ಟಿನ ನಂತರ ಅದೇ ವರ್ಷ ಆಗಸ್ಟ್ 6ಕ್ಕೆ ಮತದಾನದ ಹಕ್ಕಿನ ಕಾಯ್ದೆ ಬಂತು. ಅದೇ ಸಂಸತ್ತು, ಅದೇ ಅಧ್ಯಕ್ಷ ಜಾನ್ಸನ್, ಅಕ್ಟೋಬರ್ 3ಕ್ಕೆ ಹೊಸ ವಲಸೆ ಕಾಯ್ದೆಯೂ ಬಂತು. ನಮ್ಮ ಹಿರಿಯರು ಡಾಕ್ಟರಾಗಿ, ಎಂಜಿನಿಯರಾಗಿ ಬಂದದ್ದು ಆ ಬಾಗಿಲಿನಿಂದ.

ಆದ್ದರಿಂದ ಆಬರ್ನ್ ಅವೆನ್ಯೂಗೆ ಹೋಗಿ. ಮಾರ್ಟಾ ರೈಲಿನಲ್ಲಿ ಕಿಂಗ್ ಮೆಮೋರಿಯಲ್ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ನಡೆಯಬಹುದು. ಕಿಂಗ್ ಹುಟ್ಟಿದ ಮನೆ, ಅವರ ಮತ್ತು ಕೊರೆಟಾ ಅವರ ಸಮಾಧಿ, ತಂದೆ ಮಗ ಇಬ್ಬರೂ ಪಾದ್ರಿಗಳಾಗಿದ್ದ ಎಬೆನೇಜರ್ ಬ್ಯಾಪ್ಟಿಸ್ಟ್ ಚರ್ಚ್ ಎಲ್ಲವೂ ಅಲ್ಲೇ ಇವೆ. ಪ್ರವೇಶಕ್ಕೆ ದುಡ್ಡಿಲ್ಲ. ಗಾಂಧಿ ಪ್ರತಿಮೆಯೂ ಇದೆ. ಅದರ ಪಕ್ಕ ಫೋಟೋ ತೆಗೆಸಿಕೊಂಡು ವಾಪಸ್ ಬರಬೇಡಿ, ಭಾನುವಾರ ಬೆಳಿಗ್ಗೆ ಎಬೆನೇಜರ್ ಚರ್ಚ್‌ನ ಆರಾಧನೆಗೆ ಕೂತು ಬನ್ನಿ. ಒಳ್ಳೆಯ ಬಟ್ಟೆ ಹಾಕಿಕೊಳ್ಳಿ, ಜನ ಅಲ್ಲಿಗೆ ಶಿಸ್ತಾಗಿ ಬರುತ್ತಾರೆ. ಹೊತ್ತಿಗೆ ಮುಂಚೆ ಹೋಗಿ. ಫೋನ್ ಒಳಗಿಡಿ. ಪಾದ್ರಿ ಮಾತಾಡುವಾಗ ಕೂತವರೂ ದನಿ ಸೇರಿಸುತ್ತಾರೆ, ಭಜನೆಯಲ್ಲಿ ಒಬ್ಬರು ಹೇಳಿದ್ದನ್ನು ಉಳಿದವರು ಎತ್ತಿಕೊಳ್ಳುವ ಹಾಗೆ. "ಮತಾಂತರ ಮಾಡ್ತಾರಾ?" ಅಂತ ಕೇಳುವವರಿದ್ದಾರೆ. ಸುಮ್ನೆ ಕೂತವರನ್ನು ಯಾರೂ ಬಲವಂತ ಮಾಡುವುದಿಲ್ಲ. ಪ್ರಸಾದದಂತೆ ರೊಟ್ಟಿ ಹಂಚಿದರೆ ತೆಗೆದುಕೊಳ್ಳಲೇಬೇಕೆಂದಿಲ್ಲ. ಕಾಣಿಕೆ ತಟ್ಟೆ ಬಂದಾಗ ಕೈಲಾದಷ್ಟು ಹಾಕಿ.

ಇದೇ ಚರ್ಚ್‌ನಲ್ಲಿ 1965ರ ಜುಲೈ 4ರಂದು ಕಿಂಗ್ ನಮ್ಮ ದೇಶದ ಮಾತು ತೆಗೆದಿದ್ದರು. 1959ರಲ್ಲಿ ಭಾರತಕ್ಕೆ ಬಂದಾಗ ತಿರುವನಂತಪುರದಲ್ಲಿ ದಲಿತ ಮಕ್ಕಳ ಶಾಲೆಗೆ ಹೋಗಿದ್ದರಂತೆ. ಅಲ್ಲಿನ ಮುಖ್ಯೋಪಾಧ್ಯಾಯರು "ಅಮೆರಿಕದಿಂದ ಬಂದ, ನಮ್ಮಂಥವರೇ ಆದ ಅಸ್ಪೃಶ್ಯರು" ಎಂದು ಅವರನ್ನು ಪರಿಚಯಿಸಿದರು. ಮೊದಲು ಕಿಂಗ್‌ಗೆ ಕಸಿವಿಸಿಯಾಯಿತು. ಆಮೇಲೆ ಯೋಚಿಸಿ, ಹೌದು, ನಾನು ಅಸ್ಪೃಶ್ಯನೇ ಅಂತ ಒಪ್ಪಿಕೊಂಡರು. ಇದನ್ನು ತಿಳಿದ ಮೇಲೂ ಕನ್ನಡ ಕೂಟದ ಊಟದ ಸಾಲಿನಲ್ಲಿ ಹೊಸಬರನ್ನು "ನೀವು ಯಾವ ಪೈಕಿ?" ಅಂತ ಕೇಳುವುದು ನನಗೆ ಸಹಿಸಲಾಗದ ಸಂಗತಿ. ನಿಮ್ಮನ್ನು ಕೇಳಿದರೆ ಉತ್ತರ ಕೊಡಬೇಡಿ. ನೀವಂತೂ ಯಾರನ್ನೂ ಕೇಳಬೇಡಿ.

ಮಕ್ಕಳ ಮುಂದೆ ಬಣ್ಣ ಹಿಡಿದು ಆಡುವ ಮಾತೂ ಹಾಗೇ. ಕನ್ನಡದಲ್ಲಿ ಹೇಳಿದೆ, ಯಾರಿಗೆ ಗೊತ್ತಾಗುತ್ತದೆ ಅನ್ನಬೇಡಿ. ಮಕ್ಕಳಿಗೆ ಗೊತ್ತಾಗುತ್ತದೆ.

ಜನವರಿಯ ಮೂರನೇ ಸೋಮವಾರ ಕಿಂಗ್ ಹೆಸರಿನ ರಜೆ. ನಮ್ಮವರು ಅದನ್ನು ಲಾಂಗ್ ವೀಕೆಂಡ್ ಪ್ರವಾಸಕ್ಕೆ ಇಟ್ಟುಕೊಳ್ಳುತ್ತಾರೆ. ಒಂದು ವರ್ಷವಾದರೂ ಸೇವೆಗೆ ಹೋಗಿ. ಹೊಸೇಯಾ ವಿಲಿಯಮ್ಸ್ ಹಸಿದವರಿಗೆ ಊಟ ಹಾಕಲು 1971ರಲ್ಲಿ ಶುರು ಮಾಡಿದ ಸಂಸ್ಥೆ ಇವತ್ತಿಗೂ ಹೊಸೇಯಾ ಹೆಲ್ಪ್ಸ್ ಹೆಸರಿನಲ್ಲಿ ನಡೆಯುತ್ತಿದೆ. ಪ್ರವಾಸವೇ ಬೇಕೆಂದರೆ ಐ-85 ಹಿಡಿದು ಮಾಂಟ್ಗೊಮರಿಗೆ ಹೋಗಿ, ಅಲ್ಲಿಂದ ಸೆಲ್ಮಾಕ್ಕೆ ಹೋಗಿ ಆ ಸೇತುವೆಯನ್ನು ನಡೆದೇ ದಾಟಿ. ಅಲಬಾಮಾದಲ್ಲಿ ಗಡಿಯಾರ ನಮಗಿಂತ ಒಂದು ಗಂಟೆ ಹಿಂದಿರುತ್ತದೆ, ಬೆಳಿಗ್ಗೆ ಬೇಗ ಹೊರಟರೆ ಎರಡೂ ಊರು ನೋಡಲು ಸಮಯ ಸಿಗುತ್ತದೆ.