ಹಾಸಿಗೆ ಹಿಡಿದವರಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವ ಬಗೆ
ಲಕ್ವ ಹೊಡೆದು ಮಲಗಿದವರನ್ನು ಮುಟ್ಟುವ ಮೊದಲು ಶುಶ್ರೂಷಕರು ಸೋಪು ಹಚ್ಚಿ ಕೈತೊಳೆದು, ಮಾಡಲಿರುವುದನ್ನು ಅವರಿಗೆ ಹೇಳಬೇಕು. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವಾಗ ಒಬ್ಬರೇ ಎಳೆಯದೆ, ಇಬ್ಬರು ಸೇರಿ ಅಡಿಯಲ್ಲಿ ಹಾಸಿದ ಅಡ್ಡಬಟ್ಟೆಯನ್ನು ಹಿಡಿದೆತ್ತಿ ಸರಿಸಬೇಕು. ಎಳೆದರೆ ಚರ್ಮ ಉಜ್ಜಿ ಸುಲಿಯುತ್ತದೆ. ಬಳಿಕ ಬಾಲದ ಮೂಳೆ, ಹಿಮ್ಮಡಿ, ಸೊಂಟದ ಪಕ್ಕಗಳನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ, ಕೆಂಪಾದ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಬೇಕು: ಒತ್ತಿದರೂ ಬಿಳಿಚದೆ ಕೆಂಪಾಗಿಯೇ ಉಳಿದರೆ ಅದು ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದಿರಬಹುದಾದ್ದರಿಂದ ಬಿಸಿ, ಗಡಸುತನ, ನೋವನ್ನೂ ಗಮನಿಸಬೇಕು. ಅಂಥ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕುವುದು, ಮನೆಯವರು ಎಷ್ಟೇ ಒತ್ತಾಯಿಸಲಿ, ಸಲ್ಲದು. ಮೂಡಿಗೆರೆಯ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಕಷ್ಟವಾದರೂ ತೇವದ ಹಾಸನ್ನು ಬಳಸಬಾರದು. ತಿರುಗಿಸಿದ ಹೊತ್ತನ್ನೂ ಮಗ್ಗುಲನ್ನೂ ಆಗಲೇ ಬರೆದಿಡಬೇಕು.