ದೊಡ್ಡ ದುಃಖದ ಸುದ್ದಿ ಬಂದ ಮೇಲೆ ಶಾಲೆಯಲ್ಲಿ ಏನು ಮಾಡಬಹುದು

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರ ಗುಂಡಿಗೆ 26 ಜನ ಸತ್ತಾಗ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ. ಸತ್ತವರಲ್ಲಿ ನಮ್ಮ ಶಿವಮೊಗ್ಗದವರೂ ಒಬ್ಬರು. ಮಕ್ಕಳು ಅದನ್ನು ಮನೆಯ ಟಿವಿಯಲ್ಲಿ, ಅಪ್ಪನ ಮೊಬೈಲ್‌ನಲ್ಲಿ ಮತ್ತೆ ಮತ್ತೆ ನೋಡಿದರು, ಶಾಲೆ ಶುರುವಾಗುವ ಹೊತ್ತಿಗೆ ತಿಂಗಳು ಕಳೆದಿತ್ತು. ನಾವು ಪಾಠ, ದಾಖಲಾತಿ ಅಂತ ಮುಂದೆ ಹೋದೆವು. ಮಕ್ಕಳು ಅಲ್ಲೇ ನಿಂತಿದ್ದರು.

ಹಾಗಾಗಿ ತಡವಾಯ್ತು ಅಂತ ಬಿಡಬೇಡಿ. ಮೊದಲು ಶಿಕ್ಷಕರೆಲ್ಲ ಹದಿನೈದು ನಿಮಿಷ ಕೂತು ಮಕ್ಕಳಿಗೆ ಏನು ಹೇಳಬೇಕು ಅಂತ ಮಾತಾಡಿಕೊಳ್ಳಿ. ಎರಡು ಮೂರು ವಾಕ್ಯ ಸಾಕು. ಏನಾಯ್ತು, ಎಲ್ಲಿ ಆಯ್ತು, ನೀವಿಲ್ಲಿ ನಮ್ಮ ಜೊತೆ ಇದ್ದೀರಿ. ಎಲ್ಲ ತರಗತಿಯಲ್ಲೂ ಅದೇ ಮಾತು ಇರಲಿ, ಇಲ್ಲದಿದ್ದರೆ ಊಟದ ಹೊತ್ತಿಗೆ ಹತ್ತು ಕಥೆ ಆಗಿರುತ್ತದೆ. ವಿಡಿಯೋ, ಫೋಟೋ ಮಾತ್ರ ತೋರಿಸಲೇಬೇಡಿ.

ಪ್ರಾರ್ಥನೆಯಲ್ಲಿ ಮೌನ ಇಡುವುದಾದರೆ ಒಂದೇ ನಿಮಿಷ. ಸುಮ್ನೆ ನಿಲ್ಲಿ ಅಂದರೆ ಚಿಕ್ಕವರು ಪಕ್ಕದವರನ್ನು ನೋಡಿ ನಗುತ್ತಾರೆ, ಆಮೇಲೆ ಬೈಸಿಕೊಳ್ಳುತ್ತಾರೆ, ಪಾಪ ಅವರ ತಪ್ಪಲ್ಲ. ಮನಸ್ಸಲ್ಲಿ ಯಾರನ್ನು ನೆನೆಯಬೇಕು ಅಂತ ಮೊದಲೇ ಹೇಳಿ. ಉದ್ದ ಭಾಷಣ ಬೇಡ.

ತರಗತಿಯಲ್ಲಿ ಬಿಳಿ ಹಾಳೆ, ಬಣ್ಣ ಕೊಡಿ. ನಮ್ಮ ನಾಲ್ಕನೇ ತರಗತಿಯ ಹುಡುಗನೊಬ್ಬ ಹಸಿರು ಕ್ರೇಯಾನ್ ಪೂರ್ತಿ ಸವೆಯುವಷ್ಟು ಒತ್ತಿ ಒತ್ತಿ ಹುಲ್ಲು ಬಿಡಿಸಿದ. ನಡುವೆ ಒಂದು ಕುದುರೆ. ಜನ ಒಬ್ಬರೂ ಇಲ್ಲ. ಇದೇನೋ ಅಂತ ಕೇಳದೆ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವನೇ ಕೇಳಿದ, 'ಮಿಸ್, ಕುದುರೆ ಮನೆಗೆ ಹೋಯ್ತಾ?' 'ಗೊತ್ತಿಲ್ಲ ಮಗಾ, ಹೋಗಿರಲಿ ಅಂತ ನನಗೂ ಆಸೆ' ಅಂದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಮಕ್ಕಳು ಅದನ್ನು ನಂಬುತ್ತಾರೆ.

ಯಾರು ಮಾಡಿದ್ದು ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ಅದೂ ಪಕ್ಕದ ಬೆಂಚಿನ ಗೆಳೆಯನನ್ನು ನೋಡಿಕೊಂಡು. ಅಲ್ಲಿ ಮಾತ್ರ ಸುಮ್ಮನಿರಬೇಡಿ. ಬಂದೂಕು ಹಿಡಿದವರು ಮಾಡಿದ್ದು, ನಿನ್ನ ಗೆಳೆಯ ಅಲ್ಲ ಅಂತ ನೇರವಾಗಿ ಹೇಳಿ. ಅವತ್ತು ಸತ್ತವರಲ್ಲಿ ಪ್ರವಾಸಿಗರನ್ನು ಕುದುರೆ ಮೇಲೆ ಕರೆದೊಯ್ಯುತ್ತಿದ್ದ ಅಲ್ಲಿನ ಮುಸ್ಲಿಂ ಯುವಕನೂ ಇದ್ದ ಅನ್ನುವುದನ್ನೂ ಹೇಳಿ.

ದುಃಖದ ಮನೆಯ ಮಗು ನಿಮ್ಮ ಶಾಲೆಯಲ್ಲೇ ಇದ್ದರೆ ಏನೇ ಮಾಡುವ ಮೊದಲು ಮನೆಯವರನ್ನು ಕೇಳಿ. ವೇದಿಕೆಗೆ ಕರೆಯಬೇಡಿ. ಬಿಸಿಯೂಟಕ್ಕೆ ಯಾರ ಪಕ್ಕ ಕೂರಲು ಇಷ್ಟವೋ ಅಲ್ಲಿ ಕೂರಲಿ, ಅದು ಎಲ್ಲ ಮಾತಿಗಿಂತ ಜಾಸ್ತಿ ಸಮಾಧಾನ ಕೊಡುತ್ತದೆ.

ಆಮೇಲೆ ಗಮನಿಸುತ್ತಾ ಇರಿ. ದಿನಾ ಹೊಟ್ಟೆನೋವು, ಊಟ ಬಿಡುವುದು, ರಾತ್ರಿ ಬೆಚ್ಚಿ ಏಳುವುದು, ಅಮ್ಮನ ಸೆರಗು ಬಿಡದೆ ಇರುವುದು. ಸ್ವಲ್ಪ ದಿನಕ್ಕೆ ತಾನೇ ಕಡಿಮೆ ಆಗುತ್ತದೆ. ತಿಂಗಳಾದರೂ ಹೋಗದಿದ್ದರೆ ಮನಸ್ಸಿನ ಆರೋಗ್ಯಕ್ಕೆ ಸರ್ಕಾರ ನಡೆಸುವ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಲು ಮನೆಯವರಿಗೆ ಹೇಳಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮಾನಸಿಕ ವೈದ್ಯರೂ ಸಿಗುತ್ತಾರೆ. ಹುಚ್ಚರು ಹೋಗುವ ಜಾಗ ಅಂತ ಹಿಂಜರಿಯುವವರ ಜೊತೆ ನೀವೇ ಒಮ್ಮೆ ಹೋಗಿ ಬನ್ನಿ.

ನೆನಪಿಗೆ ಗಿಡ ನೆಡುವುದು ಒಳ್ಳೆಯದೇ, ಆದರೆ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಡಿ. ನೇರಳೆಯೋ ಸಂಪಿಗೆಯೋ, ಎರಡು ಸಸಿ ಹಾಕಿ, ದನ ಬಾಯಿ ಹಾಕದ ಹಾಗೆ ಸುತ್ತ ಬೇಲಿ ಕಟ್ಟಿ. ಒಂದೇ ನೆಟ್ಟು ಅದು ಒಣಗಿದರೆ ಮಕ್ಕಳು ಅದನ್ನೂ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ.

ಇನ್ನೊಂದು ವಿಷಯ. ಮುಂದಿನ ಏಪ್ರಿಲ್ 22ಕ್ಕೂ ಶಾಲೆಗೆ ರಜೆಯೇ, ಬಿಸಿಲು ಬೇರೆ. ರಜೆ ಬಿಡುವ ದಿನವೇ ಹತ್ತಿರದ ಮನೆಯ ಇಬ್ಬರು ಮಕ್ಕಳಿಗೆ ಗೇಟಿನ ಕೀಲಿ ಕೊಟ್ಟು, ಸಂಜೆ ಆ ಸಸಿಗಳಿಗೆ ಒಂದೊಂದು ಕೊಡ ನೀರು ಹಾಕಿ ಅಂತ ಹೇಳಿಡಿ.