ಹೆಲ್ಮೆಟ್ಟಿಗೊಂದು ಹೆಡ್‌ಸೆಟ್: ಘಟ್ಟ, ಮಳೆ, ಉಪ್ಪುಗಾಳಿ ನೋಡಿ ಆರಿಸಿದ್ದು

ಇನ್ವರ್ಟರ್, ಸೋಲಾರ್ ರಿಪೇರಿ ನನ್ನ ಕೆಲಸ. ಮನೆ ಶಿರಸಿ. ಗಿರಾಕಿಗಳು ಘಟ್ಟದ ಮೇಲೂ ಇದ್ದಾರೆ, ಕೆಳಗೆ ಕುಮಟಾ, ಅಂಕೋಲಾ, ಕಾರವಾರದಲ್ಲೂ ಇದ್ದಾರೆ. ಕರೆಂಟು ಕೈಕೊಡುವುದು ಮಳೆಗಾಲದಲ್ಲೇ ಜಾಸ್ತಿ, ಹಾಗಾಗಿ ಫೋನು ಬರುವುದೂ ಆಗಲೇ. ಜಡಿಮಳೆಯಲ್ಲಿ ಗಾಡಿ ಬದಿಗೆ ಹಾಕಿ, ರೇನ್‌ಕೋಟಿನ ಒಳಗಿಂದ ಫೋನು ತೆಗೆದು, ಹೆಲ್ಮೆಟ್ ಬಿಚ್ಚಿ ಹಲೋ ಅನ್ನುವಷ್ಟರಲ್ಲಿ ಆ ಕಡೆಯವರು ಇಟ್ಟಿರುತ್ತಾರೆ. ತಿರುಗಿ ಮಾಡಿದರೆ ಕೇಳುವುದು ಒಂದೇ ಮಾತು: "ಎಲ್ಲಿ ಬಂದ್ರಿ?" ಇದಕ್ಕೆ ಉತ್ತರ ಹೇಳುವುದಕ್ಕೇ ನನಗೆ ಹೆಲ್ಮೆಟ್ಟಿಗೆ ಕೂರಿಸುವ ಬ್ಲೂಟೂತ್ ಹೆಡ್‌ಸೆಟ್ ಬೇಕಾಗಿತ್ತು. ಹಾಡು ಕೇಳುವುದು ಆಮೇಲಿನ ಮಾತು.

ಕಿವಿಗೆ ಸಿಕ್ಕಿಸುವ ಇಯರ್‌ಬಡ್ ಸಾಲದಾ ಎಂದು ಸುಮಾರು ಜನ ಕೇಳಿದ್ದಾರೆ. ಸಾಲದು. ಹೆಲ್ಮೆಟ್ ಹಾಕುವಾಗ ಅದು ಎಳೆದು ಓರೆಯಾಗುತ್ತದೆ, ತೆಗೆಯುವಾಗ ಚರಂಡಿಗೆ ಹಾರುತ್ತದೆ. ಕಿವಿ ಪೂರ್ತಿ ಮುಚ್ಚಿಕೊಂಡರೆ ಹಿಂದಿನ ಲಾರಿಯ ಹಾರ್ನೂ ಮಂದ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಮೈಕು ಕಿವಿಯ ಹತ್ತಿರ ಫೋಮಿನಡಿ ಹೂತುಹೋಗಿರುತ್ತದೆ. ನಮಗೆ ಕೇಳುತ್ತದೆ, ನಾವು ಹೇಳಿದ್ದು ಯಾರಿಗೂ ಕೇಳುವುದಿಲ್ಲ.

ಅಂಗಡಿಯಲ್ಲಿ ಮೊದಲು ತೋರಿಸುವುದು ಡಬ್ಬಿಯ ಮೇಲಿನ ದೊಡ್ಡ ಅಂಕಿಗಳನ್ನು. ಇಷ್ಟು ಮೀಟರ್ ಇಂಟರ್‌ಕಾಮ್ (ಸವಾರರು ತಮ್ಮತಮ್ಮಲ್ಲೇ ಮಾತಾಡುವ ವ್ಯವಸ್ಥೆ), ಇಷ್ಟು ಗಂಟೆ ಬ್ಯಾಟರಿ, ಇಷ್ಟು ಜನ ಒಟ್ಟಿಗೆ ಮಾತಾಡಬಹುದು. ನಾನು ಅದನ್ನೆಲ್ಲ ಬದಿಗಿಟ್ಟು ನನ್ನ ಹೆಲ್ಮೆಟ್ ತೆಗೆದುಕೊಂಡು ಕೂತೆ. ಹೆಲ್ಮೆಟ್ಟಿಗೆ ಹೊಂದದ ಹೆಡ್‌ಸೆಟ್ ಎಷ್ಟು ಬೆಲೆಯದ್ದಾದರೂ ದಂಡ.

ಕೆನ್ನೆಯ ಪ್ಯಾಡು ಬಿಚ್ಚಿ ನೋಡಿ. ಕಿವಿ ಬರುವ ಜಾಗದಲ್ಲಿ ಥರ್ಮಾಕೋಲಿನಲ್ಲೇ ಗುಂಡಗೆ ಒಂದು ಗುಳಿ ಇದ್ದರೆ ನಿಮ್ಮ ಅರ್ಧ ಕೆಲಸ ಆದ ಹಾಗೆ. ಈಗಿನ ಹೆಚ್ಚಿನ ಹೆಡ್‌ಸೆಟ್‌ಗಳ ಸ್ಪೀಕರ್ 40 ಮಿಲಿಮೀಟರ್ ಅಗಲ. ಅಗಲಕ್ಕಿಂತ ದಪ್ಪ ನೋಡಬೇಕು. ಗುಳಿ ಆಳವಿಲ್ಲದೆ ಸ್ಪೀಕರ್ ದಪ್ಪ ಇದ್ದರೆ ಕಿವಿಯ ಅಂಚು ಒತ್ತಿ, ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಹೆಲ್ಮೆಟ್ ಕಿತ್ತು ಬಿಸಾಡಬೇಕು ಅನ್ನಿಸುತ್ತದೆ. ಕೆಲವು ಹೆಲ್ಮೆಟ್‌ಗಳಲ್ಲಿ ಗುಳಿಯೇ ಇರುವುದಿಲ್ಲ. ಅಂಥವಕ್ಕೆ "ಸ್ವಲ್ಪ ಕೆತ್ತಿ ಕೊಡ್ತೇನೆ" ಎಂದು ಬ್ಲೇಡ್ ಹಿಡಿದು ಬರುವವರಿದ್ದಾರೆ. ಬೇಡವೇ ಬೇಡ. ಬಿದ್ದಾಗ ಪೆಟ್ಟು ತಿಂದು ತಲೆ ಉಳಿಸುವುದು ಆ ಥರ್ಮಾಕೋಲೇ. ಹೆಲ್ಮೆಟ್ ಸುರಕ್ಷತೆಯ ಮಾನದಂಡವಾದ ಐಎಸ್ 4151 ಎಂದು ಐಎಸ್ಐ ಗುರುತು ಹಾಕಿದ್ದು ಕೆತ್ತದೆ ಇರುವ ಹೆಲ್ಮೆಟ್ಟಿಗೆ. ಹಾಗಿದ್ದರೆ ತೆಳು ಸ್ಪೀಕರ್ ಹುಡುಕಿ, ಇಲ್ಲವೇ ಹೆಲ್ಮೆಟ್ಟನ್ನೇ ಬದಲಾಯಿಸಿ.

ಸ್ಪೀಕರ್ ಎಲ್ಲಿ ಕೂರಬೇಕು ಎಂದು ಅಂದಾಜಿನಲ್ಲಿ ಗೊತ್ತಾಗುವುದಿಲ್ಲ. ನಾನು ಮಾಡಿದ್ದು ಇಷ್ಟು: ಕೊಬ್ಬರಿ ಎಣ್ಣೆಯಲ್ಲಿ ಚಿಟಿಕೆ ಕುಂಕುಮ ಕಲಸಿ ಕಿವಿಯ ತೂತಿನ ಮುಂದಿರುವ ಚಿಕ್ಕ ಉಬ್ಬಿಗೆ ಹಚ್ಚಿ, ಒಳಗೆ ಪೇಪರ್ ಟೇಪ್ ಅಂಟಿಸಿದ ಹೆಲ್ಮೆಟ್ಟನ್ನು ಮೆಲ್ಲಗೆ ಹಾಕಿಕೊಂಡೆ. ತೆಗೆದಾಗ ಟೇಪಿನ ಮೇಲೆ ಕೆಂಪು ಗುರುತು. ಹೆಲ್ಮೆಟ್ ಹಾಕುವಾಗ ಬಣ್ಣ ಮೇಲಿನಿಂದ ಉಜ್ಜಿಕೊಂಡು ಬಂದಿರುತ್ತದೆ, ಅದು ನಿಂತ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸ್ಪೀಕರಿನ ನಡು ಅಲ್ಲಿಗೇ ಬರಬೇಕು. ಮನೆಯವಳು ನಕ್ಕಿದ್ದು ಬೇರೆ ವಿಷಯ. ಗುರುತು ನಾನು ಅಂದುಕೊಂಡದ್ದಕ್ಕಿಂತ ಮುಂದೆ, ಕೆಳಗೆ ಇತ್ತು. ಒಂದು ಬೆರಳು ಆಚೀಚೆ ಆದರೂ ಸ್ವರ ತೆಳುವಾಗುತ್ತದೆ, ಆಗ ನಾವು ವಾಲ್ಯೂಮ್ ಏರಿಸುತ್ತಾ ಹೋಗುತ್ತೇವೆ. ಡಬ್ಬಿಯಲ್ಲಿ ಕೊಡುವ ಸಣ್ಣ ವೆಲ್‌ಕ್ರೋ ಬಿಲ್ಲೆಗಳನ್ನು ಸ್ಪೀಕರಿನ ಹಿಂದೆ ಇಟ್ಟು ಕಿವಿಗೆ ಹತ್ತಿರ ತನ್ನಿ. ತಾಗಬಾರದು, ಆದರೆ ದೂರವೂ ಇರಬಾರದು.

ವಾಲ್ಯೂಮಿನ ಮಾತು ಯಾಕೆ ಹೇಳಿದೆನೆಂದರೆ, ಗಂಟೆಗೆ 80 ಕಿಲೋಮೀಟರಿನಲ್ಲಿ ಹೋಗುವಾಗ ಹೆಲ್ಮೆಟ್ಟಿನೊಳಗೆ ಬರೀ ಗಾಳಿಯ ಸದ್ದೇ 90 ಡೆಸಿಬೆಲ್ ದಾಟಬಹುದು. ಎಂಟು ಗಂಟೆ ಕೆಲಸಕ್ಕೆ 85 ಮಿತಿ ಎನ್ನುತ್ತಾರೆ. ಅದರ ಮೇಲೆ ಹಾಡು ಕೇಳಿಸಬೇಕೆಂದರೆ ಕಿವಿಯ ಗತಿ ಏನು? ನಾನು ಅಂಕೋಲಾದಿಂದ ಕಾರವಾರದ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗುವಾಗ ಹಾಡು ಬಂದ್ ಮಾಡುತ್ತೇನೆ. ಘಟ್ಟದಲ್ಲಿ ವೇಗ ಕಮ್ಮಿ, ಅಲ್ಲಿ ಮೆಲ್ಲಗೆ ಹಾಕಿದರೂ ಕೇಳುತ್ತದೆ. ಆದರೆ ತಿರುವಿನಲ್ಲಿ ಎದುರು ಬಸ್ಸಿನ ಹಾರ್ನ್ ಕೇಳಬೇಕಲ್ವಾ, ಹಾಗಾಗಿ ಅಲ್ಲೂ ಅರ್ಧಕ್ಕಿಂತ ಮೇಲೆ ಏರಿಸುವುದಿಲ್ಲ.

ಇನ್ನು ಮೈಕು. ನನ್ನ ಪ್ರಕಾರ ದುಡ್ಡು ಕೊಡುವುದೇ ಇದಕ್ಕೆ. ಎರಡು ಜಾತಿ ಇವೆ. ಕಡ್ಡಿಯ ತುದಿಯಲ್ಲಿರುವ ಮೈಕು ತೆರೆದ ಮುಖದ ಹೆಲ್ಮೆಟ್ಟಿಗೆ, ಗಲ್ಲ ಮೇಲೆತ್ತುವ ಹೆಲ್ಮೆಟ್ಟಿಗೆ. ಪೂರ್ತಿ ಮುಚ್ಚುವ ಹೆಲ್ಮೆಟ್ಟಿಗೆ ತಂತಿಯ ತುದಿಯಲ್ಲಿ ಗುಂಡಿಯಂತಿರುವ ಮೈಕು. ಅದನ್ನು ಗಲ್ಲದ ಪಟ್ಟಿಯ ಒಳಗೆ, ತುಟಿಯ ಎದುರಿಗೆ ಅಂಟಿಸಬೇಕು. ಕಡ್ಡಿ ಮೈಕನ್ನು ಮುಚ್ಚಿದ ಹೆಲ್ಮೆಟ್ಟಿಗೆ ತುರುಕಿದರೆ ತುಟಿಗೆ ಉಜ್ಜುತ್ತಲೇ ಇರುತ್ತದೆ. ಕೆಲವು ಮೈಕುಗಳಿಗೆ ಮುಖ, ಬೆನ್ನು ಎಂದಿರುತ್ತದೆ. ಬಾಣದ್ದೋ ಚುಕ್ಕೆಯದ್ದೋ ಗುರುತು ಇದ್ದ ಬದಿ ಬಾಯಿಗೆ ಬರಬೇಕು. ತಿರುಗಿಸಿ ಅಂಟಿಸಿಕೊಂಡು ಕಂಪನಿಯನ್ನು ಬೈಯುವವರನ್ನು ಕಂಡಿದ್ದೇನೆ. ಇನ್ನೊಂದು, ಗಲ್ಲದ ಬಳಿ ಗಾಳಿಕಿಂಡಿ ಇದ್ದರೆ ಅದರ ನೇರಕ್ಕೆ ಮೈಕು ಬೇಡ. ಕಿಂಡಿ ತೆಗೆದ ಕೂಡಲೇ ಆ ಕಡೆಯವರಿಗೆ ಬರೀ ಬಿರುಗಾಳಿ.

ಪರೀಕ್ಷೆ ಮಾಡುವಾಗ ಹಾಡು ಹಾಕಿ ಚಂದ ಇದೆ ಎಂದು ತಲೆಯಾಡಿಸುವುದರಲ್ಲಿ ಅರ್ಥವಿಲ್ಲ. ಹಾಡು ಬರುವ ದಾರಿಯೇ ಬೇರೆ. ಫೋನ್ ಕಾಲ್ ಬಂದು ಮೈಕು ತೆರೆದ ಕೂಡಲೇ ಬ್ಲೂಟೂತ್ ಇನ್ನೊಂದು ಪದ್ಧತಿಗೆ ಹೋಗುತ್ತದೆ, ಸ್ವರ ಟೆಲಿಫೋನಿನ ಮಟ್ಟಕ್ಕೆ ಇಳಿಯುತ್ತದೆ. ಅದಕ್ಕೇ ಫೋನ್ ಕಾಲ್ ಮಾಡಿಯೇ ನೋಡಬೇಕು. ನಾನು ಗೆಳೆಯನ ಹೆಡ್‌ಸೆಟ್ ಇಸಕೊಂಡು, ನೇರ ರಸ್ತೆಯಲ್ಲಿ 40ರಲ್ಲಿ ಒಮ್ಮೆ, 70ರಲ್ಲಿ ಒಮ್ಮೆ ಹೋಗುತ್ತಾ ಮನೆಗೆ ಫೋನ್ ಮಾಡಿ ಅಂಕಿಗಳನ್ನು ಹೇಳಿದೆ: ಎಪ್ಪತ್ತಾರು, ಎಂಬತ್ತಾರು, ಐವತ್ತೊಂದು. ಮನೆಯಲ್ಲಿ ಬರೆದುಕೊಂಡಿದ್ದನ್ನು ಆಮೇಲೆ ನೋಡಿದೆ. ಗಾಳಿ ಜಾಸ್ತಿಯಾದ ಹಾಗೆ ಎಪ್ಪತ್ತಾರು ಎಂಬತ್ತಾರಾಗಿತ್ತು. "ಕೇಳ್ತದಾ?" ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ, ಅಂಕಿ ಹೇಳಿದರೆ ಬಣ್ಣ ಬಯಲಾಗುತ್ತದೆ. ಆ ಹೆಡ್‌ಸೆಟ್ ಹಾಡಿಗೆ ತುಂಬಾ ಚಂದ ಇತ್ತು. ನಾನು ಬೇರೆಯದಕ್ಕೆ ಹೋದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಘಟ್ಟದಲ್ಲಿ ಕಾಲ್ ಕಟ್ ಆದರೆ ಹೆಡ್‌ಸೆಟ್ ಹಾಳು ಎಂದುಕೊಳ್ಳಬೇಡಿ. ನೆಟ್‌ವರ್ಕೇ ಇಲ್ಲದ ತಿರುವುಗಳು ದೇವಿಮನೆಯಲ್ಲೂ ಇವೆ, ಅರಬೈಲು ಘಟ್ಟದಲ್ಲೂ ಇವೆ. ಹಾಡು, ಮ್ಯಾಪು ಎರಡನ್ನೂ ಮನೆಯಲ್ಲೇ ಇಳಿಸಿಕೊಂಡು ಹೊರಡುವುದು ಒಳ್ಳೆಯದು. ಮ್ಯಾಪಿನ ಮಾತು ಕಿವಿಗೆ ಬೀಳುವುದು ನಮ್ಮೂರ ದಾರಿಗೂ ಬೇಕಾಗುತ್ತದಾ ಎಂದು ನನಗೂ ಅನ್ನಿಸಿತ್ತು. ರಸ್ತೆ ಅಗಲ ಮಾಡುವ ಕೆಲಸಕ್ಕೆ ಕುಮಟಾ–ಶಿರಸಿ ದಾರಿ ಬಂದ್ ಆದಾಗ, 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು 66 ನಿಂತುಹೋದಾಗ, ಯಾವ ಕಡೆ ಸುತ್ತು ಹಾಕಬೇಕು ಎಂದು ಫೋನಿನಲ್ಲಿ ಯಾರಾದರೂ ಹೇಳುವುದೇ ದೊಡ್ಡ ಉಪಕಾರ ಎಂದು ಗೊತ್ತಾಯಿತು.

ಮಳೆಗೆ ತಡೆಯಬೇಕು ಎಂದರೆ ಐಪಿ ಎಂಬ ಅಂಕಿ ನೋಡಬೇಕು. ಎರಡಂಕಿಯಲ್ಲಿ ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಐಪಿ67 ಎಂದರೆ ಧೂಳು ಒಳಗೆ ಹೋಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ಬರೀ "ವಾಟರ್‌ಪ್ರೂಫ್" ಎಂದು ಬರೆದು ಅಂಕಿ ಕೊಡದಿದ್ದರೆ ಶಿರಸಿ ಮಳೆಗೆ ಅದು ಆಗಿಬರುವುದಿಲ್ಲ. ಆದರೆ ಈ ಪರೀಕ್ಷೆ ಸಿಹಿನೀರಿನದ್ದು. ಕಾರವಾರದ ಉಪ್ಪುಗಾಳಿಗೆ ಐಪಿಯಲ್ಲಿ ಅಂಕಿ ಇಲ್ಲ. ಹೆಲ್ಮೆಟ್ಟಿನ ಹೊರಗೆ ಕೂರುವ ಮುಖ್ಯ ಯಂತ್ರವನ್ನು ಅದರ ತಟ್ಟೆಯಿಂದ ಬಿಡಿಸಿ ತೆಗೆಯುವ ಮಾದರಿಯಲ್ಲಿ ನಡುವೆ ಸಣ್ಣ ಪಿನ್ನುಗಳಿರುತ್ತವೆ. ಕರಾವಳಿಯಲ್ಲಿ ಓಡಾಡಿದರೆ ಅವುಗಳ ಮೇಲೆ ಹಸಿರು ಕಟ್ಟುತ್ತದೆ. ಕೆಳಗಿಂದ ಬಂದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಚಾರ್ಜಿನ ತೂತು ಹಸಿ ಇರುವಾಗ ಕೇಬಲ್ ಚುಚ್ಚುವುದಿಲ್ಲ. ನೀರಿರುವಾಗ ಕರೆಂಟು ಹರಿದರೆ ಪಿನ್ನು ತಿಂದುಹೋಗುವುದು ಬೇಗ, ಇನ್ವರ್ಟರಿನಲ್ಲಿ ದಿನಾ ನೋಡುವ ಸಂಗತಿ ಇದು.

ನಮ್ಮ ಕಡೆ ಒದ್ದೆ ಹೆಲ್ಮೆಟ್ಟನ್ನು ಬಚ್ಚಲ ಒಲೆಯ ಹತ್ತಿರ ಇಟ್ಟು ಒಣಗಿಸುವ ರೂಢಿ ಇದೆ. ಹೆಡ್‌ಸೆಟ್ ಇದ್ದರೆ ಖಂಡಿತ ಬೇಡ, ಒಳಗಿರುವುದು ಲಿಥಿಯಂ ಬ್ಯಾಟರಿ. ಥರ್ಮಾಕೋಲಿಗೂ ಬಿಸಿ ಆಗದು. ಫ್ಯಾನಿನ ಕೆಳಗೆ ತೂಗುಹಾಕಿ. ಮೈಕಿನ ಫೋಮ್ ಟೊಪ್ಪಿಗೆ ಆಷಾಢದಲ್ಲಿ ಬೂಷ್ಟು ಬಂದೇ ಬರುತ್ತದೆ, ಒಂದೆರಡು ಜಾಸ್ತಿ ಇಟ್ಟುಕೊಂಡಿರಿ.

ಆ ಯಂತ್ರವನ್ನು ಕೂರಿಸುವುದು ಕ್ಲಿಪ್ಪಿನಲ್ಲಾ, ಅಂಟಿನಲ್ಲಾ ಎಂಬುದನ್ನೂ ಹೆಲ್ಮೆಟ್ಟೇ ಹೇಳುತ್ತದೆ. ಚಿಪ್ಪಿಗೂ ಥರ್ಮಾಕೋಲಿಗೂ ನಡುವೆ ಸಂದು ಇದ್ದರೆ ಕ್ಲಿಪ್, ಇಲ್ಲದಿದ್ದರೆ ಅಂಟು. ಅಂಟಿನದ್ದನ್ನು ಮಳೆಗಾಲಕ್ಕೆ ಮೊದಲೇ ಹಚ್ಚಿ ಒಂದು ದಿನ ಬಿಡಬೇಕು. ಜುಲೈ ತಿಂಗಳ ಹವೆಯಲ್ಲಿ ಹಚ್ಚಿದರೆ ಹೊಂಡಕ್ಕೆ ಗಾಡಿ ಇಳಿದಾಗ ಕಿತ್ತುಕೊಂಡು ಬರುತ್ತದೆ.

ಗುಂಡಿಗಳು ದೊಡ್ಡದಿರಲಿ. ಒದ್ದೆ ಗ್ಲೌಸಿನಲ್ಲಿ ಮುಟ್ಟಿದರೆ ಸಾಕು ಎನ್ನುವಂಥವು ನಂಬಿಕೆಗೆ ಅರ್ಹವಲ್ಲ, ಮಳೆಹನಿಯೇ ಅವನ್ನು ಮುಟ್ಟುತ್ತದೆ.

ಇಂಟರ್‌ಕಾಮ್ ನನಗೆ ಜಾಸ್ತಿ ಬೇಕಿರಲಿಲ್ಲ. ಡಬ್ಬಿಯ ಮೇಲಿನ ದೂರ ಅಡ್ಡಿಯಿಲ್ಲದ ಬಯಲಿನ ಲೆಕ್ಕ. ಒಂದು ಗುಡ್ಡ, ಒಂದು ತಿರುವು, ಒದ್ದೆ ಮರಗಳು ಬಂದರೆ ಅದು ಕುಗ್ಗಿಹೋಗುತ್ತದೆ. ಗುಂಪಿನಲ್ಲಿ ಹೋಗುವವರಿಗೆ ಎಲ್ಲರನ್ನೂ ಬಲೆಯಂತೆ ಜೋಡಿಸುವ ಮೆಶ್ ಒಳ್ಳೆಯದು, ನಡುವಿನವರು ಹಿಂದೆ ಬಿದ್ದರೂ ಉಳಿದವರ ಜೋಡಣೆ ತಾನೇ ಕೂಡಿಕೊಳ್ಳುತ್ತದೆ. ಹಳೆಯ ಬ್ಲೂಟೂತ್ ಸರಪಳಿಯಲ್ಲಿ ನಡುವಿನ ಕೊಂಡಿ ತಪ್ಪಿದರೆ ಎಲ್ಲ ತಪ್ಪಿತು. ಕಾರ್ಡೊ, ಸೆನಾದಂಥ ವಿದೇಶಿ ಕಂಪನಿಗಳ ಮೆಶ್ ಹೆಡ್‌ಸೆಟ್ ದುಬಾರಿ, ಬೆಂಗಳೂರಿನ ಬ್ಲೂಆರ್ಮರ್‌ನದ್ದು ಅದಕ್ಕಿಂತ ಕಮ್ಮಿಗೆ ಸಿಗುತ್ತದೆ. ಗುಂಪು ಕಟ್ಟುವುದಾದರೆ ಎಲ್ಲರೂ ಒಂದೇ ಕಂಪನಿಯದ್ದು ತೆಗೆದುಕೊಳ್ಳುವುದು ಸಲೀಸು. ನಾನು ಮೆಶ್ ಇಲ್ಲದ, ಐಪಿ67 ಇರುವ, ಎರಡೂ ಬಗೆಯ ಮೈಕು ಕೊಡುವ ಮಧ್ಯಮ ಬೆಲೆಯದ್ದನ್ನು ಆರಿಸಿದೆ. ಸ್ಪೀಕರ್, ಮೈಕು ಬಿಡಿಯಾಗಿ ಸಿಗುತ್ತವಾ ಎಂದು ಕೇಳಿಯೇ ದುಡ್ಡು ಕೊಟ್ಟಿದ್ದು. ಮೊದಲು ಸಾಯುವುದು ತಂತಿಗಳೇ. ಪೂರ್ತಿ ಹೆಡ್‌ಸೆಟ್ ಕೊರಿಯರಿನಲ್ಲಿ ಕಳಿಸಿ ಕಾಯುವುದಕ್ಕಿಂತ ಬಿಡಿಭಾಗ ತರಿಸಿ ಕೂರಿಸುವುದು ವಾಸಿ.

ಈಗ ಫೋನು ಬಂದರೆ ಗುಂಡಿ ಒತ್ತಿ "ಕತಗಾಲ ದಾಟಿದೆ, ಬಂದೆ" ಎಂದು ಇಟ್ಟುಬಿಡುತ್ತೇನೆ. ಬ್ಯಾಟರಿಗೆ ನೀರು ಎಷ್ಟು ಹಾಕಬೇಕು ಎಂದು ಶುರು ಮಾಡಿದರೆ ಬಸ್ ಸ್ಟಾಪ್ ನೋಡಿ ಗಾಡಿ ನಿಲ್ಲಿಸುತ್ತೇನೆ, ಹೆಲ್ಮೆಟ್ ಮಾತ್ರ ಬಿಚ್ಚುವುದಿಲ್ಲ. ಹಿಂದೆ ಕೂರುವವಳಿಗೂ ಒಂದು ತರೋಣವೇ ಎಂದು ಕೇಳಿದ್ದೆ. ಬೆನ್ನಿಗೆ ತಟ್ಟಿದರೆ ನಿಲ್ಲಿಸಿದರಾಯ್ತು, ಸುಮ್ನೆ ದುಡ್ಡು ಯಾಕೆ ಅಂದಳು.